ಅಕ್ಕ ನಿದ್ದೆಹೋದ ಜಾಗ
ಒಂದಾನೊಂದು ಕಾಲದಲ್ಲಿ, ಅಂದರೆ ತೀರಾ ಹಿಂದೇನಲ್ಲ, ಇಬ್ಬರು ಅಕ್ಕತಂಗಿಯರು ಒಂದೇ ಕೌದಿ ಹೊದ್ದು ಮಲಗುತ್ತಿದ್ದರು. ಹಳೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಅಜ್ಜಿ ಹೊಲಿದ ಕೌದಿ; ತುಂಡಿಗೊಂದು ಕಥೆ. ಅಜ್ಜಿ ಶುರುಮಾಡಿದರೆ ಅರ್ಧಕ್ಕೇ ಅಕ್ಕನ ಗೊರಕೆ. ಕೊನೆವರೆಗೂ ಕಣ್ಣರಳಿಸಿಕೊಂಡು ಕೇಳುತ್ತಿದ್ದವಳು ತಂಗಿ.

ಸಾಯುವ ಮುಂಚೆ ಅಜ್ಜಿ ತಂಗಿಯ ಕೈ ಹಿಡಿದು, "ಆ ನೀಲಿ ತುಂಡಿನ ಕಥೆಯ ಕೊನೆ ಅವಳಿಗೆ ಗೊತ್ತೇ ಇಲ್ಲ ಕಣೇ. ಹೇಳ್ತೀಯಾ?" ಅಂದಿದ್ದಳು.

"ಹೇಳ್ತೀನಜ್ಜಿ."

ಮಾತು ಕೊಟ್ಟು ಮೂರು ವರ್ಷವಾದರೂ ತಂಗಿ ಬಾಯಿ ಬಿಟ್ಟಿರಲಿಲ್ಲ. ಕೌದಿ ಅಕ್ಕನ ಪಾಲಾಯಿತು. ಅಕ್ಕ ಅದನ್ನು ತಾನು ಕೆಲಸಕ್ಕಿದ್ದ ವಸ್ತುಸಂಗ್ರಹಾಲಯಕ್ಕೆ ಕೊಟ್ಟಳು. ತಂಗಿಗೆ ಉಳಿದದ್ದು ಆ ಕೊನೆಯೊಂದೇ. ಅದನ್ನೂ ಕೊಟ್ಟುಬಿಟ್ಟರೆ ತನ್ನದು ಅಂತ ಏನಿದೆ?

ಇವತ್ತು ಮೊದಲ ಸಲ ಕೌದಿ ನೋಡಲು ತಂಗಿ ಅಲ್ಲಿಗೆ ಬಂದಿದ್ದಳು. ಮರದ ಮುಖವಾಡಗಳು, ಮೀನಿನ ಬಲೆ, ಬೀಸುವ ಕಲ್ಲು ದಾಟಿದರೆ ಮೂರನೇ ಕೋಣೆಯಲ್ಲಿ ಗಾಜಿನ ಹಿಂದೆ ಕೌದಿ. ಅದರ ಮುಂದೆ ಅಕ್ಕ, ಸುತ್ತ ಇಪ್ಪತ್ತು ಜನ.

"ಈ ನೀಲಿ ತುಂಡು ನೋಡಿ. ಒಬ್ಬ ಅಂಬಿಗ ನದೀಲಿ ತನ್ನ ನೆರಳು ಕಳ್ಕೊಂಡ. ಹುಡುಕಿ ಹುಡುಕಿ ದೋಣೀಲೇ ಮುದುಕನಾದ..." ಅಕ್ಕ ಥೇಟ್ ಅಜ್ಜಿಯ ಹಾಗೆ ಅಂಗೈ ಮಗುಚಿದಳು.

ತಂಗಿಗೆ ಉರಿದುಹೋಯಿತು. ಅಜ್ಜಿಯ ಈ ಕೈಯಾಟವನ್ನು ಯಾವಾಗ ಕದ್ದಳು, ಗೊರಕೆ ಹೊಡೀತಲೇ?

"ಆಮೇಲೆ?" ಗುಂಪಿನಲ್ಲಿದ್ದ ಒಬ್ಬ ಹೆಂಗಸು ಕೇಳಿದಳು.

"ಅಷ್ಟೇ ಅಮ್ಮ. ನಮ್ಮಜ್ಜಿ ಅಲ್ಲಿಗೇ ನಿಲ್ಲಿಸ್ತಿದ್ರು."

"ಆಹಾ, ಎಂಥಾ ಕೊನೆ!" ಅಂದರು ಯಾರೋ. ಚಪ್ಪಾಳೆ ಬಿತ್ತು. ಇವಳ ತಪ್ಪಿಗೂ ಚಪ್ಪಾಳೆ!

ಜನ ಮುಂದಿನ ಕೋಣೆಗೆ ಹೋದರು. "ಏ ಕಳ್ಳಿ, ಯಾವಾಗ ಬಂದೆ?" ಅಕ್ಕ ಓಡಿಬಂದಳು.

"ಅಜ್ಜಿ ನಿಲ್ಲಿಸ್ತಿರ್ಲಿಲ್ಲ. ನೀನು ನಿದ್ದೆಹೋಗ್ತಿದ್ದೆ."

ಅಕ್ಕನ ನಗು ಇಳಿಯಿತು. "ಹಾಗಾದ್ರೆ ಮುಂದೆ ಇತ್ತಾ?" ನೀಲಿ ತುಂಡಿನತ್ತ ತಿರುಗಿದಳು. "ನನ್ನ ಮಲಗಿಸಿ, ನಿನಗೊಬ್ಬಳಿಗೇ ಹೇಳ್ತಿದ್ಲಾ ಮುದುಕಿ?"

ಆ ದನಿಯಲ್ಲಿ ತಂಗಿ ತನ್ನದೇ ಉರಿಯನ್ನು ಕೇಳಿಸಿಕೊಂಡಳು. ಹೇಳಲ್ಲ ಹೋಗೇ, ಎಂಬ ಮಾತು ನಾಲಿಗೆಯ ತುದಿಗೆ ಬಂತು. ಎಷ್ಟು ಸಿಹಿಯಾಗಿತ್ತು ಅದು! ಒಂದು ಕ್ಷಣ ಚಪ್ಪರಿಸಿ, ನುಂಗಿಕೊಂಡಳು.

"ಕೂತ್ಕೋ. ದೋಣಿ ಸೋರೋಕೆ ಶುರುವಾಯ್ತು ಅಂತ ಅಂಬಿಗ ಕೊನೆಗೂ ದಡಕ್ಕೆ ಬಂದ. ಅಲ್ಲಿ ಅವನ ನೆರಳು ಕಾಲು ಚಾಚ್ಕೊಂಡು ಕೂತಿತ್ತು. ಅದಕ್ಕೂ ಬೆನ್ನು ಬಾಗಿತ್ತು. 'ಎಲ್ಲಿ ಹಾಳಾಗಿ ಹೋಗಿದ್ಯೋ ಇಷ್ಟು ದಿನ?' ಅಂತ ಚೆನ್ನಾಗಿ ಬೈದು, ಅವನ ಕೈ ಹಿಡ್ಕೊಂಡು ಮನೆಗೆ ನಡೀತು. ಅಲ್ಲಿಗೆ ಮುಗೀತು," ಅಂದಳು ತಂಗಿ.