ಮರಕ್ಕೆ ಮರುಪೆಟ್ಟು

ಮಧ್ಯಾಹ್ನ ಮೂರಕ್ಕೆ ನಮ್ಮ ವೃದ್ಧಾಶ್ರಮದ ಹಜಾರದಲ್ಲಿ ಸಂಗೀತದ ಹೊತ್ತು. ಸಂಗೀತವೆಂದರೆ ಮೇಲ್ವಿಚಾರಕಿ ಮೀರ್ತಾ ಆರಿಸಿಟ್ಟ ಒಂದೇ ಒಂದು ಸಿ.ಡಿ.: ಜಲಪಾತದ ಸದ್ದು, ನಡುನಡುವೆ ಪಿಯಾನೊ. ಮರೆವಿನ ಕಾಯಿಲೆಯ ಹನ್ನೊಂದು ಮಂದಿ ಹಿರಿಯರು ಅದನ್ನು ಕೇಳುತ್ತ ತೂಕಡಿಸಬೇಕು. ತೂಕಡಿಸಿದರೆ ಕಾರ್ಯಕ್ರಮ ಚೆನ್ನಾಗಿ ನಡೆಯಿತೆಂದು ನಾನು ವರದಿ ಬರೆಯಬೇಕು. ಆರು ತಿಂಗಳಿಂದ ಬರೆಯುತ್ತ ಬಂದಿದ್ದೆ. ಪದವಿ ಮುಗಿಸಿ ಸಿಕ್ಕ ಮೊದಲ ಕೆಲಸ. ಬಾಯಿ ತೆರೆಯಲು ಧೈರ್ಯವಿರಲಿಲ್ಲ.

ತೂಕಡಿಸದವರು ವಾಲ್ದೆಮಾರ್ ಅಜ್ಜ ಒಬ್ಬರೇ. ನಮ್ಮೂರು ಮಾಂಟೆವಿಡಿಯೊದ ಬಂದರಿನಲ್ಲಿ ನಲವತ್ತು ವರ್ಷ ಮೂಟೆ ಹೊತ್ತವರು, ಭಾನುವಾರಗಳಲ್ಲಿ ಬೀದಿಯ ತಂಡದಲ್ಲಿ ಡೋಲು ಬಾರಿಸಿದವರು. ಈಗ ಮಗಳ ಹೆಸರೂ ನೆನಪಿಲ್ಲ. ಮೂರು ಗಂಟೆಯಾದರೆ ಚಮಚದ ಹಿಡಿಯಿಂದ ಕುರ್ಚಿಯ ತೋಳಿಗೆ ಬಡಿಯುವರು: ಮೂರು ಪೆಟ್ಟು, ಎರಡು ಪೆಟ್ಟು. ತಲೆ ವಾರೆ ಮಾಡಿ ಒಂದು ಗಳಿಗೆ ಕಾಯುವರು. ಮತ್ತೆ ಬಡಿತ, ಇನ್ನೂ ಜೋರಾಗಿ. ಕೊನೆಗೆ ಚಮಚ ಎಸೆದು ಅಳು. 'ಉದ್ರೇಕ' ಎಂದು ವೈದ್ಯರು ಬರೆದರು. ಇನ್ನೊಮ್ಮೆ ಉದ್ರೇಕಗೊಂಡರೆ ಮಂಪರಿನ ಸೂಜಿ ಚುಚ್ಚಿ, ಮಹಡಿಯ ಬೀಗದ ವಾರ್ಡಿಗೆ ಸಾಗಿಸುವುದು ಎಂದಾಯಿತು. ಅಲ್ಲಿಗೆ ಹೋದವರು ನಡೆದುಕೊಂಡು ಕೆಳಗೆ ಬಂದದ್ದನ್ನು ನಾನು ಕಂಡಿಲ್ಲ.

ಆ ಭಾನುವಾರ ನಮ್ಮ ಬೀದಿಯ ಡೋಲಿನ ತಂಡ ಹೊರಟಾಗ ಮನೆಯ ಕಿಟಕಿಯಲ್ಲಿ ನಿಂತಿದ್ದೆ. ಹುಟ್ಟಿದಾಗಿನಿಂದ ನೋಡಿದ್ದೇ, ಆದರೂ ಅವತ್ತೇ ಕಣ್ಣಿಗೆ ಬಿತ್ತು: ಯಾರೂ ನೇರವಾಗಿ ಚರ್ಮಕ್ಕೆ ಕೈ ಹಾಕುವುದಿಲ್ಲ. ಮೊದಲು ಒಬ್ಬ ಕೋಲಿನಿಂದ ಡೋಲಿನ ಮರದ ಪಕ್ಕೆಗೆ ತಟ್ಟುತ್ತಾನೆ; ಮೂರು, ಎರಡು. ಉಳಿದವರು ತಮ್ಮ ತಮ್ಮ ಮರಕ್ಕೆ ಹಾಗೆಯೇ ತಟ್ಟಿ ಉತ್ತರ ಕೊಟ್ಟ ಮೇಲೇ ಬಾರಿಸುವುದು.

ಅಜ್ಜ ಆರು ತಿಂಗಳಿಂದ ಜೊತೆಗಾರರನ್ನು ಕರೆಯುತ್ತಿದ್ದರು!

ಮರುದಿನ ಮೂರಕ್ಕೆ ಚಮಚ ಎದ್ದಿತು. ಮೀರ್ತಾ ಕರೆದಳು, ನರ್ಸ್ ಇಲ್ದಾ ಸೂಜಿಯ ತಟ್ಟೆ ಹಿಡಿದು ಬಂದಳು. ರಾತ್ರಿಯಿಡೀ ಜೋಡಿಸಿಕೊಂಡಿದ್ದ ಮಾತೆಲ್ಲ ಬದಿಗಿಟ್ಟು, ಅಜ್ಜನ ಎದುರಿನ ಮೇಜಿಗೆ ಬೆರಳ ಗೆಣ್ಣಿನಿಂದ ತಟ್ಟಿದೆ. ಮೂರು, ಎರಡು.

ಅಜ್ಜ ಬೆಚ್ಚಿ ನೋಡಿದರು. "ಎಲ್ಲಿ ಹಾಳಾಗಿ ಹೋಗಿದ್ರಿ ಎಲ್ಲಾ ಇಷ್ಟೊತ್ತು?"

"ನೊಯೆಲಿಯಾ!" ಮೀರ್ತಾ ಕೂಗಿದಳು. "ಡಿಗ್ರಿ ಮಾಡಿದ್ದು ಮೇಜು ಕುಟ್ಟೋಕಾ?"

ನಾನು ಮತ್ತೆ ತಟ್ಟಿದೆ: ಮೂರು, ಎರಡು.

"ಕುಟ್ಟೇ ಹುಡುಗಿ, ಅವಳ ಮಾತ್ಯಾಕೆ ಕೇಳ್ತೀಯ," ಎಂದರು ಪಕ್ಕದ ಅರಸೇಲಿ ಅಜ್ಜಿ, ವಾರದಿಂದ ತುಟಿ ಬಿಚ್ಚದಿದ್ದವರು. ಚಪ್ಪಲಿ ಕಳಚಿ ಕುರ್ಚಿಗೆ ಬಡಿಯತೊಡಗಿದರು. "ಆ ನೀರು ಸುರಿಯೋ ಸದ್ದು ಕೇಳಿ ಕೇಳಿ ನಂಗೆ ಬರೀ ಉಚ್ಚೆ ಬರತ್ತೆ!"

ಯಾರೋ ನಕ್ಕರು. ಇನ್ನಿಬ್ಬರು ಸೇರಿದರು. ಆಗ ಅಜ್ಜ ಅಂಗೈಯನ್ನು ಮೇಜಿನ ಮೇಲೆ ಇಳಿಸಿದರು, ನಿಜವಾದ ಬಾರಿಸುವಿಕೆ ಶುರುವಾಯಿತು. ಸಿ.ಡಿ.ಯ ಜಲಪಾತ ಯಾರಿಗೂ ಕೇಳಿಸಲಿಲ್ಲ. ಬಾರಿಸಿ ಬಾರಿಸಿ ಅಜ್ಜ ತಾವಾಗಿಯೇ ಕೈ ಎತ್ತಿ ನಿಲ್ಲಿಸಿದರು. ಅಳಲಿಲ್ಲ. "ಹಾಲುಕಾಫಿ ಎಲ್ಲಿ?" ಎಂದರು.

"ಚುಚ್ಚು," ಎಂದಳು ಮೀರ್ತಾ.

ಇಲ್ದಾ ವೈದ್ಯರ ಚೀಟಿ ನೋಡಿದಳು. "ಉದ್ರೇಕ ಆದ್ರೆ ಮಾತ್ರ ಅಂತ ಬರ್ದಿದೆ ಮೇಡಂ. ಅಜ್ಜ ಕಾಫಿ ಕೇಳ್ತಾ ಕೂತಿದ್ದಾರೆ. ಏನಂತ ಸಹಿ ಹಾಕ್ಲಿ?" ಸೂಜಿಗೆ ಮುಚ್ಚಳ ಹಾಕಿದಳು.

ಮೀರ್ತಾ ನನ್ನತ್ತ ತಿರುಗಿದಳು. "ನಾಳೆಯಿಂದ ನೀನು ಕೆಲಸಕ್ಕೆ ಬರೋದು ಬೇಡ."

"ಬರ್ತೀನಿ," ಎಂದೆ. ಧ್ವನಿ ನನಗೇ ಹೊಸದೆನಿಸಿತು. "ಕೆಲಸಕ್ಕಲ್ಲ, ಅಜ್ಜನ್ನ ನೋಡೋಕೆ. ಭೇಟಿ ಸಮಯ ಮೂರರಿಂದ ಐದು ಅಂತ ನೀವೇ ಗೇಟಿಗೆ ಬರೆಸಿದ್ದೀರಲ್ಲ. ಬರುವಾಗ ಡೋಲೂ ತರ್ತೀನಿ."