ಮೊದಲ ಇಂಚು ಇಲ್ಲದ ಕೋಲು

ನಾನು ಒಂದು ಅಳತೆಕೋಲು. ಹುಟ್ಟಿದಾಗ ಮೂವತ್ತಾರು ಇಂಚು ಇದ್ದೆ, ಈಗ ಮೂವತ್ತೈದು. ಆ ಒಂದು ಇಂಚು ಎಲ್ಲಿ ಹೋಯಿತೆಂದು ಹೇಳದೆ ನನ್ನ ಕಥೆ ಮುಂದೆ ಸಾಗುವುದಿಲ್ಲ.

ಗದಗಿನ ಬಡಿಗನೊಬ್ಬ ಕಿಟಕಿ ಮಾಡಿ ಉಳಿದ ಸಾಗುವಾನಿ ತುಂಡಿನಿಂದ ನನ್ನನ್ನು ಕೆತ್ತಿದ. ಗೆರೆ ಕೊರೆದು, ಅಂಕಿ ಬರೆದು, ಎಣ್ಣೆ ಹಚ್ಚಿದ. ಅಳೆಯಲಿಕ್ಕೆಂದೇ ಹುಟ್ಟಿದವನು ನಾನು ಎಂದು ಹಿಗ್ಗಿದೆ. ಆದರೆ ನನ್ನನ್ನು ಕೊಂಡವರು ಒಬ್ಬ ಶಾಲಾ ಮಾಸ್ತರರು. ಅವರು ನನ್ನಿಂದ ಅಳೆದದ್ದು ಕಡಿಮೆ, ಬಡಿದದ್ದು ಹೆಚ್ಚು. ಏಟು ಬೀಳುವ ಮುಂಚೆ ಪುಟ್ಟ ಅಂಗೈಗಳು ಹೇಗೆ ಬೆವರುತ್ತವೆ ಎಂಬುದು ನನಗೆ ಗೊತ್ತು. ಒಂದು ದಿನ ಹುಡುಗನೊಬ್ಬ ಕೈ ಹಿಂದಕ್ಕೆಳೆದುಕೊಂಡ. ನಾನು ಮೇಜಿನ ಅಂಚಿಗೆ ಅಪ್ಪಳಿಸಿದೆ. ನನ್ನ ಮೊದಲ ಇಂಚು ಸಿಡಿದು ಹೋಯಿತು. ನೋವಾಯಿತು ನಿಜ, ಬಡಿಯುವ ಕೆಲಸ ತಪ್ಪಿತಲ್ಲ ಎಂಬ ಸಮಾಧಾನವೂ ಆಯಿತು.

ಮಾಸ್ತರರು ನನ್ನನ್ನು ತಮ್ಮ ಬಟ್ಟೆ ಹೊಲಿಯುವ ಪುಂಡಲೀಕನಿಗೆ ಕೊಟ್ಟುಬಿಟ್ಟರು. "ಒಂದ ಇಂಚ ಹೋದ್ರ ಏನಾತ್ರಿ? ಬಂದದ್ದರಾಗ ಒಂದ ಕಳದ್ರಾತು" ಎಂದು ಅವನು ನನ್ನ ಮುರಿದ ತುದಿಯನ್ನು ಉಜ್ಜಿ ನುಣುಪು ಮಾಡಿದ. ಆ ತುದಿಯನ್ನು ಬಟ್ಟೆಯ ಅಂಚಿಗೆ ಇಡುವುದು, ಬಂದ ಅಂಕಿಯಲ್ಲಿ ಒಂದು ಕಳೆಯುವುದು, ಇದೇ ಅವನ ರೂಢಿ. ಮೊದಮೊದಲು ಬಾಯಲ್ಲಿ ಹೇಳಿಕೊಂಡು ಕಳೆಯುತ್ತಿದ್ದ, ಆಮೇಲೆ ಮನಸ್ಸಿನಲ್ಲಿ. ಹದಿನೈದು ವರ್ಷವಾಗುವಷ್ಟರಲ್ಲಿ ಕಳೆಯುತ್ತಿದ್ದೇನೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಹದಿಮೂರರ ಗೆರೆ ಅವನ ಕಣ್ಣಿಗೆ ಹನ್ನೆರಡಾಗಿಯೇ ಕಾಣುತ್ತಿತ್ತು.

ಅವನ ಮಗಳು ಮುಕ್ತಾ ಮೂರನೇ ತರಗತಿಯಲ್ಲಿದ್ದಳು. ಲೆಕ್ಕ ತಪ್ಪಿ ಏಟು ತಿಂದು ತಿಂದು, ಶಾಲೆಯ ಗಂಟೆ ಕೇಳಿದರೇ ವಾಂತಿ ಮಾಡಿಕೊಳ್ಳುವ ಹಾಗಾದಳು. ಪುಂಡಲೀಕ ಅವಳನ್ನು ಶಾಲೆ ಬಿಡಿಸಿದ. "ಮನ್ಯಾಗ ನಾನ ಕಲಸ್ತೀನಿ. ಇಲ್ಲಿ ನಿನ್ನ ಯಾರೂ ಬಡಿಯಂಗಿಲ್ಲ, ವಿಠ್ಠಲನ ಆಣಿ" ಎಂದ. ಆ ಮಾತು ಕೇಳಿ ಅವಳಿಗಿಂತ ಹೆಚ್ಚು ಸಂತೋಷಪಟ್ಟವನು ನಾನು.

ಮೊದಲ ವಾರ ಹಬ್ಬದಂತಿತ್ತು. ಆಮೇಲೆ ಶುರುವಾಯಿತು ಪೇಚು. ಕಾಲು ಹೊಲಿಗೆ ಯಂತ್ರದ ಮೇಲೆ, ಕಣ್ಣು ಪಾಟಿಯ ಮೇಲೆ, ಗಿರಾಕಿ ಬಾಗಿಲಲ್ಲಿ. ಏಳನೇ ತರಗತಿಗೇ ಶಾಲೆ ಬಿಟ್ಟ ಪುಂಡಲೀಕನಿಗೆ ಭಾಗಾಕಾರ ನೆನಪಿರಲಿಲ್ಲ. ಮಗಳ ಮುಂದೆ ಅದನ್ನು ಒಪ್ಪಿಕೊಳ್ಳಲು ಮನಸ್ಸೂ ಬರಲಿಲ್ಲ. ತನಗೆ ಚೆನ್ನಾಗಿ ಬರುವ ಅಳತೆಯನ್ನೇ ಕಲಿಸೋಣ ಎಂದು ನನ್ನನ್ನು ಅವಳ ಕೈಗೆ ಕೊಟ್ಟ. ಒಂದು ಕಳೆಯಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ.

"ಈ ತೋಳಿನ ಬಟ್ಟಿ ಎಷ್ಟ ಐತಿ?"

"ಹದಿಮೂರು."

"ಹನ್ನೆರಡು! ನಾನ ಕತ್ತರಿಸೇನಿ, ನನಗ ಗೊತ್ತಿಲ್ಲೇನು? ಸರಿಯಾಗಿ ನೋಡು."

ಅವಳು ಸರಿಯಾಗಿಯೇ ನೋಡಿದ್ದಳು. ಕೂಗಿ ಹೇಳಬೇಕೆನಿಸಿತು, ಕೋಲಿಗೆ ಬಾಯಿ ಎಲ್ಲಿಂದ ಬರಬೇಕು?

ದಿನವೂ ಇದೇ ಆಯಿತು. ಪುಂಡಲೀಕನ ದನಿ ಏರುತ್ತಾ ಹೋಯಿತು. ಮುಕ್ತಾಳ ತಾಯಿ ಗಂಗೂ ಒಮ್ಮೆ ಹೇಳಿಯೇಬಿಟ್ಟಳು: "ಸಾಲಿ ಮಾಸ್ತರನ ಕಾಟ ಸಂಜಿಗೆ ಮುಗೀತಿತ್ತು. ಈ ಮಾಸ್ತರ ಉಣ್ಣಾಕೂ ಎದುರಿಗೇ ಕುಂದರ್ತಾನ." ಅವನು ಕೇಳಿಸಿಕೊಳ್ಳಲಿಲ್ಲ.

ಮುಕ್ತಾ ನನ್ನನ್ನು ನೋಡುವುದನ್ನೇ ಬಿಟ್ಟಳು. ಅಪ್ಪನ ಮುಖ ನೋಡಿ ಉತ್ತರ ಹೇಳತೊಡಗಿದಳು. ಹುಬ್ಬು ಗಂಟಿಕ್ಕಿದರೆ ಬೇರೆ ಅಂಕಿ, ಸಡಿಲಾದರೆ ಅದೇ ಅಂಕಿ. ಅವಳ ಅಂಗೈಯ ಬೆವರು ನನ್ನ ಮೈಗೆ ಹತ್ತುತ್ತಿತ್ತು. ಆ ಬೆವರಿನ ಗುರುತು ನನಗೆ ಸಿಕ್ಕಿತು.

ದೀಪಾವಳಿಯ ಹಿಂದಿನ ವಾರ, ಹೊಲಿಯದ ಬಟ್ಟೆ ರಾಶಿ ಬಿದ್ದಿತ್ತು. "ಎಷ್ಟು?" ಎಂದ ಪುಂಡಲೀಕ. "ಹದಿಮೂರು... ಅಲ್ಲ, ಹತ್ತು... ಅಪ್ಪಾ, ನೀ ಎಷ್ಟು ಅಂತೀಯೋ ಅಷ್ಟು" ಎಂದಳು. ಅವನು ನನ್ನನ್ನು ಕಿತ್ತುಕೊಂಡ. ಮಾಸ್ತರರು ಹಿಡಿಯುತ್ತಿದ್ದ ಅದೇ ತುದಿಯನ್ನು ಹಿಡಿದ. ಬೇಡ, ಬೇಡ ಎಂದುಕೊಂಡೆ. ಮುಕ್ತಾ ಯಾರೂ ಹೇಳದೆಯೇ ಕಣ್ಣು ಮುಚ್ಚಿ ಅಂಗೈ ಚಾಚಿದಳು. ಶಾಲೆ ಕಲಿಸಿದ ಆ ಪಾಠವೊಂದನ್ನು ಅವಳು ಮರೆತಿರಲಿಲ್ಲ.

ನಾನು ಬಿದ್ದೆ. ಒಂದೇ ಸಲ. ಆದರೆ ಬಿದ್ದೆ.

ಗಂಗೂ ಓಡಿಬಂದು ನನ್ನನ್ನು ಕಸಿದುಕೊಂಡಳು. ಬಟ್ಟೆಯ ಮೇಲೆ ನನ್ನನ್ನಿಟ್ಟು, ಗಿರಾಕಿಗಳ ಮೈ ಅಳೆಯಲೆಂದು ಗಂಡ ಕೊರಳಿಗೆ ಹಾಕಿಕೊಂಡಿದ್ದ ಟೇಪು ಎಳೆದು ಪಕ್ಕಕ್ಕೆ ಹಾಸಿದಳು. "ಟೇಪಿನಾಗ ಹನ್ನೆರಡು. ಕೋಲಿನಾಗ ಹದಿಮೂರು. ಕೂಸು ಕಂಡದ್ದ ಹೇಳೇತಿ. ಮುರಕ ಕೋಲು ಕೊಟ್ಟಾವ ಯಾರು?"

ಪುಂಡಲೀಕ ನನ್ನ ತುದಿಯನ್ನು ಬೆರಳಿನಿಂದ ಸವರಿದ. ಹದಿನೈದು ವರ್ಷದ ಮೇಲೆ ಅವನಿಗೆ ಆ ಇಂಚಿನ ನೆನಪಾಯಿತು. ಅಲ್ಲೇ ಕುಸಿದು ಕೂತು ಅತ್ತ.

ತಪ್ಪು ತಿಳಿಯಿತು, ಭಯ ಹೋಗಲಿಲ್ಲ. ಒಂದು ಕಳೆಯುವುದನ್ನು ಕಲಿತ ಮೇಲೂ ಮುಕ್ತಾಳ ಕಣ್ಣು ಮೊದಲು ಅಪ್ಪನ ಹುಬ್ಬನ್ನೇ ಹುಡುಕುತ್ತಿತ್ತು. ಅದನ್ನು ಕಂಡ ಪುಂಡಲೀಕ, ಪಾಠದ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿದ. ಗಿರಾಕಿಗಳು ನಕ್ಕರು. ಅವನು ತಿರುಗಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಅಂಕಿಗಳು ಮಸುಕಾಗಿವೆ, ಮೂಲೆಯ ಮೊಳೆಯೇ ನನ್ನ ಮನೆ. ಯಾರಾದರೂ ಎತ್ತಿಕೊಂಡರೆ, ಯಾವ ತುದಿ ಹಿಡಿದರು ಎಂದು ಇಂದಿಗೂ ಮೊದಲು ನೋಡುತ್ತೇನೆ. ಹೀಗೆ ಹೆದರಿದಾಗೆಲ್ಲ ಆ ದೀಪಾವಳಿಯ ನಂತರ ಬಂದ ಯುಗಾದಿಯ ಮರುದಿನವನ್ನು ನೆನೆದುಕೊಳ್ಳುತ್ತೇನೆ.

"ಎಷ್ಟು?" ಎಂದಿದ್ದ ಪುಂಡಲೀಕ, ಗೋಡೆಗೆ.

"ಹದಿನೇಳು."

"ಹದಿನಾರಲ್ಲೇನು?"

ಮುಕ್ತಾಳ ಬೆರಳು ನನ್ನ ಹದಿನೆಂಟರ ಗೆರೆಯ ಮೇಲೆ ಬಿಗಿಯಾಯಿತು. ಅಂಕಿ ಬದಲಿಸುತ್ತಾಳೆ ಎಂದು ನಾನು ಹೆದರಿದೆ. ಆದರೆ ಅವಳ ಅಂಗೈ ಒಣಗಿತ್ತು.

"ಅಲ್ಲಪ್ಪಾ, ಒಂದ ಕಳದ ಹೇಳೇನಿ. ನೀ ತಪ್ಪು. ಈ ಕಡೆ ತಿರುಗಿ ನೋಡು."