ಮುಚ್ಚದೆ ಬಿಟ್ಟ ಗೇಣು

ಒಂದಾನೊಂದು ಹೊಳೆಯ ದಂಡೆಯಲ್ಲಿ, ಊರು ಅನ್ನುವ ಮಾತೇ ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಒಬ್ಬಳು ಹೆಂಗಸು ಜೊಂಡಿನಲ್ಲಿ ಮನೆ ಹೆಣೆದಳಂತೆ. ಅವಳ ಕೈ ಎಂಥದ್ದೆಂದರೆ ಗೋಡೆಯಲ್ಲಿ ಸಾಸಿವೆ ಕಾಳು ತೂರುವಷ್ಟೂ ಸಂದಿ ಇರಲಿಲ್ಲ. ಗಾಳಿ ಬಂದು ಮೂಸಿ ನೋಡಿ ವಾಪಸು ಹೋಯಿತು. ಮಳೆ ಬಂದು ತಲೆ ಚಚ್ಚಿಕೊಂಡು ವಾಪಸು ಹೋಯಿತು. ಹೆಂಗಸು ಬೀಗಿದಳು. ಆಮೇಲೆ ಅವಳಿಗೂ ವಯಸ್ಸಾಯಿತು, ಜೀವ ಹೋಗುವ ಹೊತ್ತು ಬಂತು. ಆದರೆ ಹೋಗುವುದು ಎಲ್ಲಿಂದ? ಉಸಿರು ಎದ್ದು ಗೋಡೆ ತಡಕಿತು, ಸೂರು ತಡಕಿತು, ದಾರಿ ಸಿಗದೆ ಮತ್ತೆ ಬಂದು ಎದೆಯೊಳಗೇ ಕೂತಿತು. ಹೀಗೇ ಏಳು ವರ್ಷ. ಅವಳು ನರಳುವುದನ್ನು ಕೇಳಲಾರದೆ ಮೊಮ್ಮಗಳು ಹಿಂದಿನ ಗೋಡೆಯಲ್ಲಿ ಒಂದು ಗೇಣು ಜೊಂಡು ಕಿತ್ತಳು. ಅಜ್ಜಿ ನಕ್ಕಳು, ಹೋದಳು. ಮೊಮ್ಮಗಳು ಬಾಗಿಲು ಕಟ್ಟಿ, ಆ ಗೇಣನ್ನು ಮತ್ತೆ ಹೆಣೆದು ಮುಚ್ಚಿ, ಮನೆಯನ್ನು ಅಜ್ಜಿಯ ಸಮೇತ ತೆಪ್ಪದ ಮೇಲಿಟ್ಟು ಹೊಳೆಗೆ ಬಿಟ್ಟಳು.

ಅಂದಿನಿಂದ ಹೊಳೆದಂಡೆಯ ಜನ ಯಾವ ಮನೆಯನ್ನೂ ಪೂರ್ತಿ ಹೆಣೆಯುವುದಿಲ್ಲ. ಹಿಂದಿನ ಗೋಡೆಯಲ್ಲಿ ಒಂದು ಗೇಣು ಹಾಗೇ ಬಿಡುತ್ತಾರೆ. ಹೆಣೆದವಳು ಹೋದ ದಿನ ಅವಳ ಕರುಳಿನ ಕುಡಿ ಬಂದು ಅದನ್ನು ಮುಚ್ಚಬೇಕು. ಇದ್ದವರು ಹೆಣೆಯುವುದು ಎಡಕ್ಕೆ, ಹೋದವರಿಗೆ ಮುಚ್ಚುವುದು ಬಲಕ್ಕೆ. ಆಗ ಮನೆ ಮುಗಿಯಿತು ಅಂತ.

"ಇದೇನು, ಇಲಿ ಕಡಿದಿದೆಯಾ? ಇಷ್ಟು ದೊಡ್ಡ ತೂತು ಇಟ್ಕೊಂಡು ಅರವತ್ತು ವರ್ಷ ಹೆಂಗೆ ಬದುಕಿದ್ರಿ? ಒಂದಿನ ಕೂತು ಮುಚ್ಚೋಕೆ ಆಗ್ಲಿಲ್ವಾ? ಎಂಥ ಸೋಮಾರಿ ಜನಾನಪ್ಪ ನೀವು."

ಮೇಡಂ ಹೀಗೆ ಕೇಳಿದಾಗ ಕಡ್ಡಿ ಮಂಡಿಯೂರಿ ನೆಲ ಒರೆಸುತ್ತಿದ್ದಳು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಮೈಯಲ್ಲಿ ಮಾಂಸವೇ ಹತ್ತದ ಹುಡುಗಿ ಅಂತ ಅಜ್ಜಿ ಕಡ್ಡಿ ಅಂದಿದ್ದೇ ಉಳಿದುಕೊಂಡಿತು. ಹೊಳೆದಂಡೆಯ ಮೂವತ್ತೇಳು ಜೊಂಡಿನ ಮನೆಗಳಲ್ಲಿ ಮೂವತ್ತಾರನ್ನು ಬುಲ್ಡೋಜರ್ ಒಂದೇ ಮಧ್ಯಾಹ್ನಕ್ಕೆ ನುಂಗಿತ್ತು. ಅದೇ ಜಾಗದಲ್ಲಿ ನಗರ ಆಯೋಗ ಮೂಲನಿವಾಸಿಗಳ ಸಂಸ್ಕೃತಿ ಕೇಂದ್ರ ಕಟ್ಟಿಸಿತು. ಮೂವತ್ತೇಳನೆಯದು, ಎಲ್ಲಕ್ಕಿಂತ ಹಳೆಯದು, ಕಡ್ಡಿಯ ಅಜ್ಜಿ ಹೆಣೆದದ್ದು. ಅದಕ್ಕೆ ಮಾತ್ರ ನಾಲ್ಕು ಮೂಲೆಗೆ ಹಗ್ಗ ಬಿಗಿದು ಕ್ರೇನಿನಲ್ಲಿ ಎತ್ತಿ ತಂದು ಗಾಜಿನ ಹಜಾರದ ನಡುವೆ ಇಟ್ಟಿದ್ದರು. ಇಡುವಾಗ ಬೆನ್ನು ಮುಂದಾಯಿತು, ಬಾಗಿಲು ಹಿಂದಾಯಿತು. ತಿರುಗಿಸಿ ಇಡಿ ಅಂದರೆ, ಬೆಳಕು ಈ ಕಡೆಯೇ ಚೆನ್ನಾಗಿ ಬೀಳುತ್ತದೆ ಅಂದರು. ಹಾಗಾಗಿ ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಆ ಗೇಣೇ.

ಮೇಡಂ ಆಯೋಗದ ಕಲಾತಜ್ಞೆ. ಕಡ್ಡಿ ಆ ಕಟ್ಟಡದ ಕಸ ಗುಡಿಸುವವಳು. ತನ್ನ ಮನೆಯ ಸುತ್ತ ದಿನಾ ಎರಡು ಸಲ ನೆಲ ಒರೆಸುತ್ತಾಳೆ, ಒಳಗೆ ಕಾಲಿಡುವ ಹಾಗಿಲ್ಲ.

"ಅದು ತೂತಲ್ಲ ಮೇಡಂ, ಬಿಟ್ಟಿರೋದು," ಅಂದಳು.

"ಬಿಟ್ಟಿರೋದು ಕಾಣ್ತಾ ಇದೆ. ಅದಕ್ಕೇ ಮುಚ್ಚು ಅಂದಿದ್ದು."

ಅಜ್ಜಿ ಇನ್ನೂ ಇದ್ದಾಳೆ ಅಂತ ಕಡ್ಡಿ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಮೇಡಂಗೆ ಫೋನು ಬಂತು.

ಆಯೋಗದ ಸಭೆ ನಡೆಯುತ್ತಿದ್ದದ್ದು ಎರಡನೇ ಮಹಡಿಯಲ್ಲಿ. ಉದ್ದ ಮೇಜು, ಹನ್ನೊಂದು ಕುರ್ಚಿ. ಹತ್ತರಲ್ಲಿ ಜನ ಕೂರುತ್ತಿದ್ದರು. ಹನ್ನೊಂದನೆಯದರ ಮುಂದೆ 'ಮೂಲನಿವಾಸಿ ಪ್ರತಿನಿಧಿ' ಎಂದು ಬರೆದ ಪುಟ್ಟ ಹಲಗೆ. ಕಳೆದ ಮೂರು ಸಭೆಗೂ ಆ ಹಲಗೆಯೊಂದೇ ಹಾಜರಿತ್ತು. ಈ ಸಲ ಮೇಲಿನವರು ಯಾರೋ ಪ್ರತಿನಿಧಿಯ ಸಹಿ ಎಲ್ಲಿ ಎಂದು ಕೇಳಿ ಕಾಗದ ಬರೆದಿದ್ದರಂತೆ. ಅಧ್ಯಕ್ಷರು ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಬಕೆಟ್ಟು ಹಿಡಿದ ಕಡ್ಡಿ.

"ಇವಳು ಅವರ ಪೈಕಿಯವಳೇ ಅಲ್ವಾ? ಕೂರಿಸ್ರೀ."

ಬಟ್ಟೆ ಒದ್ದೆಯಾಗಿದೆ, ಕುರ್ಚಿಯ ಮಖಮಲ್ಲು ಕೆಡುತ್ತದೆ ಅಂತ ಗುಮಾಸ್ತ ಕುರ್ಚಿಗೆ ಪೇಪರು ಹಾಸಿದ. ಕಡ್ಡಿ ಪೇಪರಿನ ಮೇಲೆ, ಪೇಪರಿಗೂ ನೋವಾಗದ ಹಾಗೆ, ತುದಿಯಲ್ಲಿ ಕೂತಳು. ಮಾತಾಡಮ್ಮ ಅಂದರು. ಅವಳಿಗೆ ಇದ್ದದ್ದು ಒಂದೇ ಮಾತು. ಹೊಳೆಯ ಹೆಂಗಸಿನ ಕಥೆ ಹೇಳಿದಳು. ತಾನು ಒಂಬತ್ತು ವರ್ಷದವಳಿದ್ದಾಗ ಅಜ್ಜಿ ತನ್ನ ಅಂಗೈಯನ್ನು ಆ ಗೇಣಿಗೆ ಒತ್ತಿ ಹಿಡಿದು, ನಾನು ಹೋದ ದಿನ ಇದನ್ನು ನೀನೇ ಮುಚ್ಚಬೇಕು, ಬೇರೆ ಕೈ ತಾಗಬಾರದು ಎಂದು ಮಾತು ತೆಗೆದುಕೊಂಡದ್ದನ್ನು ಹೇಳಿದಳು. ಬದುಕಿದ್ದಾಗಲೇ ಮುಚ್ಚಿದರೆ ಬದುಕಿದ್ದವರನ್ನು ಹೂತ ಹಾಗೆ ಅಂದಳು. ಅಂದು ಮುಗಿಸುವ ಹೊತ್ತಿಗೆ ಅವಳ ಗಂಟಲು ಒಣಗಿತ್ತು. ಎದುರಿಗಿದ್ದ ನೀರಿನ ಬಾಟಲಿ ಮುಟ್ಟಲು ಧೈರ್ಯ ಬರಲಿಲ್ಲ.

ಮೇಡಂ ನಿಜಕ್ಕೂ ಕಣ್ಣು ಒರೆಸಿಕೊಂಡರು.

"ಎಷ್ಟು ಚಂದದ ನಂಬಿಕೆ ಸಾರ್. ಇದನ್ನ ಬೋರ್ಡಲ್ಲಿ ಬರೆಸೋಣ, ಎರಡು ಭಾಷೆಯಲ್ಲಿ. ಆದ್ರೆ ತೂತು ಮಾತ್ರ ಮುಚ್ಚಲೇಬೇಕು."

ಅಧ್ಯಕ್ಷರು ಶುಕ್ರವಾರ ಹತ್ತಕ್ಕೆ ಉದ್ಘಾಟನೆ ಎಂದು ನೆನಪಿಸಿದರು. ಅಂದು ಬೆಳಗ್ಗೆಗೆ ಇವಳು ಕೈ ಹಾಕದಿದ್ದರೆ ಗುತ್ತಿಗೆದಾರನ ಆಳುಗಳು ಪ್ಲಾಸ್ಟಿಕ್ ದಾರದಲ್ಲಿ ಹೊಲಿದುಬಿಡಲಿ ಅಂದರು. ಆಮೇಲೆ ಕಡ್ಡಿಯ ಕಡೆ ತಿರುಗಿ, ಮಗುವಿಗೆ ಹೇಳುವಷ್ಟು ಮೆತ್ತಗೆ, "ಅವತ್ತೇ ಮನೆ ಹೋದ ನಿಮ್ಮವರಿಗೆ ಇರೋಕೆ ಕೋಣೆ ಕೊಡೋ ಪತ್ರ ಹಂಚೋದು, ಗೊತ್ತಲ್ಲ? ಸಹಕಾರ ಕೊಡದ ಜನಕ್ಕೆ ಕೋಣೆ ಯಾಕೆ ಅಂತ ನಾನು ಯೋಚ್ನೆ ಮಾಡೋ ಹಾಗೆ ಮಾಡ್ಬೇಡ," ಎಂದರು.

ಗುಮಾಸ್ತ ತೋರಿಸಿದ ಕಡೆ ಸಹಿ ಹಾಕಿದಳು. ಏಳುವಾಗ ಆ ಟೀ ಕಪ್ಪುಗಳನ್ನೂ ಎತ್ತಿಕೊಂಡು ಹೋಗಮ್ಮ ಅಂದರು. ಹನ್ನೊಂದು ಕಪ್ಪಿರಲಿಲ್ಲ, ಹತ್ತೇ ಇದ್ದವು.

ಮೂವತ್ತೇಳು ಮನೆಯ ಜನವನ್ನು ಒಂದು ಹಳೆಯ ಗೋದಾಮಿನಲ್ಲಿ ತುಂಬಿದ್ದರು. ಕಂಬಳಿಗಳನ್ನು ಹಗ್ಗಕ್ಕೆ ಇಳಿಬಿಟ್ಟು ಒಂದೊಂದು ಸಂಸಾರಕ್ಕೆ ಒಂದೊಂದು ಪಾಲು. ಒಬ್ಬರು ಕೆಮ್ಮಿದರೆ ನೂರು ಜನಕ್ಕೆ ಎಚ್ಚರ. ಗಂಡ ಹೆಂಡತಿ ಪಿಸುಗುಟ್ಟಿದರೆ ಆಚೆಯ ಕಂಬಳಿಯಿಂದ ಉತ್ತರ ಬರುತ್ತಿತ್ತು. ಮೂಲೆಯಲ್ಲಿ, ತಗಡಿನ ಗೋಡೆಗೆ ತಲೆಯಿಟ್ಟು ಅಜ್ಜಿ ಮಲಗಿದ್ದಳು. ಬಂದು ಹತ್ತೊಂಬತ್ತು ತಿಂಗಳು. ಗಂಜಿ ಬಿಟ್ಟು ಆರು ದಿನ. ಉಸಿರು ಏಳುತ್ತಿತ್ತು, ತಗಡಿನವರೆಗೆ ಹೋಗಿ ಬಂದ ಹಾಗೆ ತಡವಾಗಿ ಮರಳುತ್ತಿತ್ತು.

"ಸಾವಿಗೂ ವಿಳಾಸ ಬದಲಾಗಿದ್ದು ಗೊತ್ತಾಗಿಲ್ಲ ಅನ್ಸುತ್ತೆ ಕಣೇ," ಅಂದಳು. "ಹಳೇ ಮನೆ ಹತ್ರ ಹೋಗಿ ಕಾವಲುಗಾರನ ಕೈಲಿ ಬೈಸ್ಕೊಂಡು ಬರ್ತಿರ್ಬೇಕು."

ಕಡ್ಡಿ ಅವಳ ಕಂಬಳಿಯನ್ನು ಮೇಲೆಳೆದಳು. ಸಭೆಯ ಸುದ್ದಿ ಅವಳಿಗಿಂತ ಮೊದಲೇ ಗೋದಾಮಿಗೆ ಬಂದಿತ್ತು. ಕಂಬಳಿ ಸರಿಸಿಕೊಂಡು ದೊಡ್ಡಪ್ಪ ಬಂದ. ಅಜ್ಜಿಯ ಹಿರಿಮಗ, ಎಡಗಾಲು ಕುಂಟು, ಬಾಯಿ ಕತ್ತರಿ. ಅಜ್ಜಿಗೆ ಕೇಳಿಸಬಾರದೆಂದು ಕಡ್ಡಿಯನ್ನು ಆಚೆ ಎಳೆದುಕೊಂಡು ಹೋದ. ಗೋದಾಮಿನಲ್ಲಿ ಆಚೆ ಅನ್ನುವುದು ಎರಡು ಮಾರು.

"ಮುಚ್ಚಿಬಿಡೇ," ಅಂದ.

"ನಿನ್ನ ಹೆತ್ತವಳು ದೊಡ್ಡಪ್ಪ."

"ಹೆತ್ತವಳು ಅಂತ ನಂಗೆ ನೀನು ಹೇಳ್ಕೊಡ್ಬೇಕಾ ಬೋಳಿಮುಂಡೆ? ಮೊಮ್ಮಕ್ಕಳು ಸಿಮೆಂಟ್ ಮೇಲೆ ಮಲಗಿ ಮಲಗಿ ಎದೆ ಕಫ ಕಟ್ಟಿದೆ. ಮೂವತ್ತೇಳು ಸಂಸಾರ ನಿನ್ನ ಕೈ ನೋಡ್ತಾ ಕೂತಿದೆ. ಆ ಸೂಳೆಮಕ್ಕಳು ಹೇಳಿದ್ದು ಮಾಡೋರು, ಕೋಣೆ ಕೊಡಲ್ಲ ಅಂದ್ರೆ ಕೊಡಲ್ಲ. ಅವಳದ್ದು ಇವತ್ತೋ ನಾಳೆಯೋ. ಎರಡು ದಿನ ಮುಂಚೆ ಮುಚ್ಚಿದ್ರೆ ಯಾರ ಗಂಟು ಹೋಗುತ್ತೆ?"

ಅಂದವನು ಅಲ್ಲೇ ಗೋಡೆಗೆ ಒರಗಿ ಜಾರಿ ಕೂತು, ಕುಂಟು ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತ. ಅವನು ಅಳುವುದನ್ನು ಕಡ್ಡಿ ಈ ಮೊದಲು ನೋಡಿರಲಿಲ್ಲ. ಬುಲ್ಡೋಜರ್ ಬಂದ ದಿನವೂ ಅವನು ಬೈದಿದ್ದನೇ ಹೊರತು ಅತ್ತಿರಲಿಲ್ಲ.

ಮುಚ್ಚಿದರೆ ಅಜ್ಜಿಯನ್ನು ತಾನೇ ಹೂತ ಹಾಗೆ. ಮುಚ್ಚದಿದ್ದರೆ ಪ್ಲಾಸ್ಟಿಕ್ ದಾರ, ಬೇರೆಯವರ ಕೈ, ಕೊಟ್ಟ ಮಾತು ಮಣ್ಣು, ಮೇಲೆ ಮಕ್ಕಳು ಬೀದಿಗೆ. ಕಡ್ಡಿ ಒಳಗೆ ಬಂದು ಅಜ್ಜಿಯ ಕಾಲು ಒತ್ತುತ್ತ ಕೂತಳು. ಅಜ್ಜಿಗೆ ಎಲ್ಲ ಕೇಳಿಸಿತ್ತು.

"ಯಾವತ್ತು ಅಂದ್ರು?"

"ಶುಕ್ರವಾರ."

ಅಜ್ಜಿ ಬಹಳ ಹೊತ್ತು ತಗಡನ್ನೇ ನೋಡಿದಳು. ಕಡ್ಡಿಗೆ ಆ ಕಣ್ಣು ಗೊತ್ತು. ಜೊಂಡಿನ ರಾಶಿಯೆದುರು ಕೂತು, ಮನೆಗೆ ಎಷ್ಟು ಬೇಕು, ಚಾಪೆಗೆ ಎಷ್ಟು ಉಳಿಯುತ್ತದೆ ಅಂತ ಅಳೆಯುತ್ತಿದ್ದ ಕಣ್ಣು.

"ಹಂಗಿದ್ರೆ ಶುಕ್ರವಾರ ಬೆಳಗ್ಗೆ ನನ್ನ ಅಲ್ಲಿಗೆ ಕರ್ಕೊಂಡು ಹೋಗು ಮಗಾ. ಗೇಣು ಇರೋವಾಗ್ಲೇ. ಉಳಿದಿದ್ದು ನಾನು ನೋಡ್ಕೋತೀನಿ."

ಶುಕ್ರವಾರ ಬೆಳಗ್ಗೆ ಆರಕ್ಕೆ ಕಡ್ಡಿ ಕಸದ ಗಾಡಿಯನ್ನು ತಳ್ಳಿಕೊಂಡು ಬಂದಳು. ನಾಲ್ಕು ಚಕ್ರದ ಹಸಿರು ಡಬ್ಬ. ಹಿಂದಿನ ಸಂಜೆಯೇ ಮೂರು ಸಲ ತೊಳೆದು, ಬಿಸಿಲಿಗಿಟ್ಟು, ತಳಕ್ಕೆ ತನ್ನ ಹೊದಿಕೆ ಹಾಸಿದ್ದಳು. ಅಜ್ಜಿ ಅದರಲ್ಲಿ ಮಂಡಿ ಮಡಚಿ ಕೂತರೆ ಒಣಗಿದ ಜೊಂಡಿನ ಒಂದು ಕಟ್ಟಿನಷ್ಟೂ ಆಗಲಿಲ್ಲ. ಮೇಲೆ ನೆಲ ಒರೆಸುವ ಬಟ್ಟೆಗಳನ್ನು ಹರಡಿದಳು. ಕೇಂದ್ರದ ಹಿಂಬಾಗಿಲಲ್ಲಿ ಮೀಸೆಯ ಕಾವಲುಗಾರ ಅಡ್ಡ ನಿಂತ.

"ಖಾಲಿ ಗಾಡಿ ಒಳಗೆ ಹೋಗ್ಬೇಕು, ತುಂಬಿದ್ದು ಹೊರಗೆ ಬರ್ಬೇಕು. ನಿಂದು ಉಲ್ಟಾ ಇದೆಯಲ್ಲೇ. ಏನಿದೆ ಅದ್ರಲ್ಲಿ?"

"ಹಳೇ ಬಟ್ಟೆ ಅಣ್ಣ. ಇವತ್ತು ದೊಡ್ಡೋರು ಬರ್ತಾರಲ್ಲ, ಎರಡೆರಡು ಸಲ ಒರೆಸ್ಬೇಕು."

ಅವನು ಕೋಲಿನಿಂದ ಬಟ್ಟೆಯನ್ನು ಒಮ್ಮೆ ಚುಚ್ಚಿದ. ಡಬ್ಬದೊಳಗಿನಿಂದ ಸದ್ದು ಬರಲಿಲ್ಲ. ಹೊಲಸು ನಾತ ಅಂತ ಮೂಗು ಮುಚ್ಚಿಕೊಂಡು ದಾರಿ ಬಿಟ್ಟ. ಬಟ್ಟೆಗೆ ಸೋಪಿನ ವಾಸನೆ ಬಿಟ್ಟು ಬೇರೆ ಏನೂ ಇರಲಿಲ್ಲ.

ಹಜಾರದಲ್ಲಿ ಯಾರೂ ಇರಲಿಲ್ಲ. ಮನೆಯ ಹಿಂದೆ ಹೋಗಿ, ಬಾಗಿಲ ಚಾಪೆ ಎತ್ತಿ, ಅಜ್ಜಿಯನ್ನು ಎದೆಗವಚಿಕೊಂಡು ಕಡ್ಡಿ ಒಳಗೆ ಕಾಲಿಟ್ಟಳು. ಯಾರೋ ಒಲೆಯ ಜಾಗದಲ್ಲಿ ಬಣ್ಣ ಬಳಿದ ಸುಳ್ಳು ಕೆಂಡ ಇಟ್ಟಿದ್ದರು. ಅಜ್ಜಿ ಅದನ್ನು ನೋಡಿ, "ಚಳಿ ಕಾಯ್ಸಕ್ಕೆ ಚೆನ್ನಾಗಿದೆ," ಅಂದಳು. ತಾನು ಹುಡುಗಿಯಾಗಿದ್ದಾಗ ಹೆಣೆದ ಗೋಡೆಯ ಮೇಲೆ ಬೆರಳಾಡಿಸಿದಳು, ಒಂದು ಕಡೆ ನಿಲ್ಲಿಸಿ, ಇಲ್ಲಿ ನಿಮ್ಮಪ್ಪ ಹಲ್ಲು ಬರುವಾಗ ಕಚ್ಚಿದ್ದ ಅಂದಳು. ಆಮೇಲೆ ಗೇಣಿನ ಕಡೆ ಮುಖ ಮಾಡಿ ಮಲಗಿದಳು. ಅಲ್ಲಿ ಮೊದಲು ಹೊಳೆ ಕಾಣುತ್ತಿತ್ತು. ಈಗ ಕುರ್ಚಿಗಳ ಸಾಲು.

"ನೀನು ಜೊಂಡು ನೆನೆಹಾಕು ಹೋಗು," ಅಂದಳು.

ಕಡ್ಡಿ ಹೋದಳು. ಹೊಳೆ ಗೋಡೆಯ ಆಚೆ ಕೊಳವೆಯಲ್ಲಿ ಹರಿಯುತ್ತಿತ್ತು, ದಂಡೆಯೇ ಇಲ್ಲ, ಜೊಂಡೆಲ್ಲಿಂದ? ಮೇಡಂ ದೂರದಿಂದ ತರಿಸಿದ್ದ ಒಂದು ಕಟ್ಟು ಮೂಲೆಯಲ್ಲಿತ್ತು. ನೆಲ ಒರೆಸುವ ಬಕೆಟ್ಟಿನಲ್ಲೇ ನೆನೆಹಾಕಿದಳು. ಒಂದೊಂದನ್ನೂ ಉಗುರಿನಿಂದ ಗೀರಿ ಚಪ್ಪಟೆ ಮಾಡಿದಳು. ಅಜ್ಜಿಗೆ ನೀರು ಬೇಕೇನೋ ಅಂತ ಒಂದು ಲೋಟ ಹಿಡಿದು ಬಂದಾಗ ಗೇಣಿನ ಅಂಚಿನ ಸಡಿಲ ಎಳೆಯೊಂದು ಅಲುಗಾಡುತ್ತಿತ್ತು. ಆ ಹಜಾರದಲ್ಲಿ ಗಾಳಿ ಇರಲಿಲ್ಲ. ಅಜ್ಜಿಯ ಬಾಯಿ ನಗುವಾಗ ಹೇಗೋ ಹಾಗೆ ಅರ್ಧ ತೆರೆದಿತ್ತು.

ಕಡ್ಡಿ ಅಳಲು ಹೊತ್ತು ಮಾಡಿಕೊಳ್ಳಲಿಲ್ಲ. ಹೊದಿಕೆ ಎಳೆದಳು. ಹೊರಗೆ ಬಂದು ಬಾಗಿಲ ಚಾಪೆಯನ್ನು ಸುತ್ತಲೂ ಹೊಲಿದು ಕಟ್ಟಿದಳು. ಮುಂದೆ ಬಂದು ಗೇಣಿನೆದುರು ಮಂಡಿಯೂರಿದಳು.

ಎಂಟೂವರೆಗೆ ಬಂದ ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡರು. ಅಂತೂ ಬುದ್ಧಿ ಬಂತಲ್ಲ ಅಂದರು. ಪ್ಲಾಸ್ಟಿಕ್ ದಾರ ತಂದಿದ್ದ ಆಳುಗಳನ್ನು ವಾಪಸು ಕಳಿಸಿದರು. ಹತ್ತಿರ ಬಂದು ನೋಡಿದವರಿಗೆ ಒಂದು ಕೊರತೆ ಕಾಣಿಸಿತು.

"ಏ, ಗೋಡೆ ಹೆಣಿಗೆ ಪೂರ್ತಿ ಎಡಕ್ಕೆ ವಾಲಿದೆ, ನೀನು ಬಲಕ್ಕೆ ಹೆಣೀತಿದ್ದೀಯಲ್ಲ. ಡಿಸೈನ್ ಮ್ಯಾಚ್ ಆಗ್ತಿಲ್ಲ."

"ಮುಚ್ಚೋದು ಬಲಕ್ಕೇ ಮೇಡಂ."

ಹತ್ತಕ್ಕೆ ಅಧ್ಯಕ್ಷರು ಬಂದರು, ಕ್ಯಾಮೆರಾಗಳು ಬಂದವು. ಗೋದಾಮಿನ ಜನವನ್ನು ಬಸ್ಸಿನಲ್ಲಿ ತಂದು ಹಿಂದಿನ ಸಾಲುಗಳಲ್ಲಿ ಕೂರಿಸಿದರು. ಮುದುಕಿ ಹಾಸಿಗೆಯಲ್ಲಿಲ್ಲ ಅಂತ ದೊಡ್ಡಪ್ಪ ಬೆಳಗ್ಗೆಯಿಂದ ಗೋದಾಮೆಲ್ಲ ಹುಡುಕಿ ಬೈದು ಸೋತು ಬಂದಿದ್ದ. ಅಧ್ಯಕ್ಷರು ಕಡ್ಡಿಯನ್ನು ತೋರಿಸಿ, ನೋಡಿ, ಚರಿತ್ರೆ ನಿಮ್ಮ ಕಣ್ಣೆದುರೇ ಪೂರ್ತಿಯಾಗುತ್ತಿದೆ ಅಂದರು. ಜನ ಚಪ್ಪಾಳೆ ತಟ್ಟಿದರು. ಯಾರೋ ಅವಳ ಗಲ್ಲ ಎತ್ತಿ ಹಿಡಿದು, ಸ್ವಲ್ಪ ನಗು ಅಂದು ಫೋಟೋ ತೆಗೆದರು. ಕಡ್ಡಿ ಎರಡರ ಕೆಳಗೆ, ಒಂದರ ಮೇಲೆ, ಎರಡರ ಕೆಳಗೆ, ಒಂದರ ಮೇಲೆ ಎಳೆಯುತ್ತಿದ್ದಳು.

ಹಿಂದಿನ ಸಾಲಿನಲ್ಲಿ ದೊಡ್ಡಪ್ಪ ಕತ್ತು ಚಾಚಿದ. ಬಲಕ್ಕೆ ವಾಲಿದ ಎಳೆಗಳನ್ನು ನೋಡಿದ. ಮತ್ತೊಮ್ಮೆ ನೋಡಿದ. ಪಕ್ಕದವನ ಹೆಗಲು ಹಿಡಿದು ಎದ್ದು ನಿಂತ. ಅವನ ಹಿಂದೆ ಒಬ್ಬಳು ಎದ್ದಳು, ಇನ್ನೊಬ್ಬರು, ಆಮೇಲೆ ಮೂವತ್ತೇಳು ಮನೆಯವರೂ ಎದ್ದರು. ತಮಗೆ ಗೌರವ ಕೊಡುತ್ತಿದ್ದಾರೆ ಎಂದುಕೊಂಡ ಅಧ್ಯಕ್ಷರು ಎರಡೂ ಕೈ ಎತ್ತಿ, ಕೂತ್ಕೊಳ್ಳಿ, ಕೂತ್ಕೊಳ್ಳಿ, ಪತ್ರ ಎಲ್ಲರಿಗೂ ಇದೆ ಎಂದರು. ಯಾರೂ ಕೂರಲಿಲ್ಲ.

ರಿಬ್ಬನ್ ಕಟ್ಟಲು ಮನೆಯ ಹಿಂದೆ ಹೋದ ಮೇಡಂ ಓಡಿಬಂದು ಕಡ್ಡಿಯ ಕಿವಿಯಲ್ಲಿ ಗದರಿದರು.

"ಬಾಗಿಲು ಯಾಕೆ ಹೊಲಿದಿದ್ದೀಯ? ಅಧ್ಯಕ್ಷರು ಒಳಗೆ ಹೋಗ್ಬೇಕು."

"ಒಳಗೆ ಜಾಗ ಇಲ್ಲ ಮೇಡಂ. ಮನೆಯವರಿದ್ದಾರೆ."

ಇನ್ನು ಎರಡು ಬೆರಳಿನಷ್ಟು ಸಂದಿ ಉಳಿದಿತ್ತು. ಮೇಡಂ ಬಗ್ಗಿ ಅದಕ್ಕೆ ಕಣ್ಣಿಟ್ಟರು. ಒಳಗೆ ಕತ್ತಲೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವಷ್ಟು ಹೊತ್ತು ಕಡ್ಡಿ ಕಾದಳು. ಮೇಡಂ ಕೈಯಲ್ಲಿದ್ದ ರಿಬ್ಬನ್ ನೆಲಕ್ಕೆ ಬಿತ್ತು.

"ಸ್ವಲ್ಪ ಸರೀರಿ," ಅಂದಳು ಕಡ್ಡಿ.

ಕೊನೆಯ ಎಳೆಯನ್ನು ಎರಡರ ಕೆಳಗೆ ತೂರಿಸಿ, ಒಂದರ ಮೇಲೆ ತಂದು, ಗಂಟು ಹಾಕಿ ಬಿಗಿದಳು. ಅತಿಥಿಗಳ ಸಾಲಿನಿಂದ ಮತ್ತೆ ಚಪ್ಪಾಳೆ ಎದ್ದಿತು. ಗೋಡೆಗೆ ಮುಖ ಒತ್ತಿ, ಉಳಿದ ತುದಿಯನ್ನು ಹಲ್ಲಿನಿಂದ ಕಡಿದಳು.